ಎಲ್ಬಿಯೊನ ಗಡಂಗಿನ ಕಾಣೆಯಾದ ಹಲಗೆ

ಹಲಗೆ ಇರಲಿಲ್ಲ.

ಶುಕ್ರವಾರ ಸಂಜೆ ಐದು ಗಂಟೆ. ಎಲ್ಬಿಯೊ ತನ್ನ ಹಿತ್ತಲಿನ ಶೆಡ್ಡಿನ ಬಾಗಿಲು ತಳ್ಳಿದವನು ಹೊಸ್ತಿಲಲ್ಲೇ ನಿಂತುಬಿಟ್ಟ. ಅವನ ಬೆನ್ನ ಹಿಂದೆ ನಾನು, ಎರಡೂ ಕೈಯಲ್ಲಿ ಒಂದೊಂದು ಸ್ಟೂಲು. ಪಾಸೊ ಮೊಲಿನೊ ಬಡಾವಣೆಯಿಂದ ಕೈಗಾಡಿಯಲ್ಲಿ ತಳ್ಳಿಕೊಂಡು ಬಂದ ಬೆವರು ಇನ್ನೂ ಆರಿರಲಿಲ್ಲ.

"ಮುಂದೆ ಹೋಗೋ ಮಾರಾಯ, ಕೈ ಕಿತ್ತು ಬರ್ತಿದೆ," ಎಂದೆ.

ಅವನು ಅಲುಗಲಿಲ್ಲ. ನಾನು ಅವನ ಭುಜದ ಮೇಲಿಂದ ಇಣುಕಿದೆ.

ಕೌಂಟರ್ ನಿಂತಿತ್ತು—ತಲೆ ಕಡಿದ ಮುಂಡದ ಹಾಗೆ. ಎರಡು ಹೊಲಿಗೆ ಯಂತ್ರಗಳ ಕಬ್ಬಿಣದ ಕಾಲು, ಅವುಗಳ ನಡುವೆ ನಾವೇ ಕೂಡಿಸಿದ ಚೌಕಟ್ಟು, ಎಲ್ಲ ಇತ್ತು. ಮೇಲಿದ್ದ ಎರಡು ಮೀಟರಿನ ಕೆಂಪು ಮರದ ಹಲಗೆ ಮಾತ್ರ ಮಾಯ.

"ಎಬೆರ್," ಎಂದ ಎಲ್ಬಿಯೊ, ದನಿ ಇಳಿದುಹೋಗಿತ್ತು. "ನಾಡಿದ್ದು ಎಲ್ರನ್ನೂ ಕರೆದಿದ್ದೀನಲ್ಲೋ!"

ಮಾರ್ಚಿನಲ್ಲಿ ನಮ್ಮ ಮೂಲೆಯ ಗಡಂಗು ಮುಚ್ಚಿತು. ಮಾಂಸದ ಕಾರ್ಖಾನೆಯ ಪಾಳಿ ಮುಗಿಸಿ ಬಂದವರು, ಬಂದರಿನಿಂದ ಬಂದವರು, ಅಂಚೆ ಹಂಚಿ ಬಂದ ನನ್ನಂಥವರು—ನಲವತ್ತು ವರ್ಷ ಒಂದೇ ಕೌಂಟರಿಗೆ ಮೊಣಕೈ ಊರಿದ್ದೆವು. ಅದು ಹೋದ ಮೇಲೆ ನಮಗೆ ಒಬ್ಬರಿಗೊಬ್ಬರ ಮನೆ ಬಾಗಿಲು ಬಡಿಯುವ ಅಭ್ಯಾಸವಿಲ್ಲ ಎಂಬುದು ಗೊತ್ತಾಯಿತು. ದಾರಿಯಲ್ಲಿ ಸಿಕ್ಕರೆ ತಲೆಯಾಡಿಸುವುದು, ಅಷ್ಟೇ. ನಮ್ಮ ಜೊತೆಯವನೇ ಆದ ಒಂಟಿ ಡೆಲ್ಮಿರೊ ಫಗುಂದೆಸ್ ಅಂತೂ ಮೂರು ತಿಂಗಳು ಕೋಣೆ ಬಿಟ್ಟು ಹೊರಗೇ ಬರಲಿಲ್ಲ.

ಆಗ ಎಲ್ಬಿಯೊ ಹಟ ಹಿಡಿದ. ಗಡಂಗು ನಾನೇ ಕಟ್ಟುತ್ತೇನೆ, ಶೆಡ್ಡಿನಲ್ಲೇ. ಪಿಂಚಣಿಯಲ್ಲಿ ಕಟ್ಟಬೇಕಾದ್ದರಿಂದ ನಿಯಮವೂ ಒಂದಿತ್ತು—ಹೊಸದಾಗಿ ಕೊಳ್ಳುವುದು ಸ್ಕ್ರೂ ಮಾತ್ರ. ಉಳಿದದ್ದೆಲ್ಲ ಭಾನುವಾರದ ಹಳೇ ಸಾಮಾನಿನ ಸಂತೆಯಿಂದ, ಇಲ್ಲವೇ ಕೆಡವುವ ಮನೆಗಳಿಂದ. ಔಷಧದಂಗಡಿಯ ಬೀರು ಬಂತು, ಸೀಸೆ ಇಡಲು. ಕ್ಷೌರದಂಗಡಿಯ ಬೇಸಿನ್ನು ಬಂತು. ತೂತಿನ ಎನಾಮೆಲ್ ಜಾಲರಿ ದೀಪಕ್ಕೆ ಛತ್ರಿಯಾಯಿತು. ಹಳೇ ನೀರಿನ ಪೈಪು ಕಾಲಿಡುವ ಸರಳಾಯಿತು. ಹಾಲಿನ ಕ್ಯಾನುಗಳು ಪೀಠವಾದವು. ಹದಿನಾಲ್ಕು ಗ್ಲಾಸು, ಒಂದರಂತೆ ಇನ್ನೊಂದಿಲ್ಲ.

ಹಲಗೆ ಮಾತ್ರ ಅವನ ಹೆಮ್ಮೆ. ಅರಿಸ್ತಿದೆಸ್ ಎಂಬ ಹಳೇ ಸಾಮಾನಿನವನ ಬಳಿ ಕುಂಟುತ್ತಿದ್ದ ಊಟದ ಮೇಜು ಸಿಕ್ಕಿತು. ಕಾಲು ಕತ್ತರಿಸಿ ಬಿಸುಟೆವು. ಮೇಲ್ಬದಿಯನ್ನು ನಾಲ್ಕು ದಿನ ಉಜ್ಜಿ, ತೋಪಡಾ ಹಿಡಿದು ಹೆರೆದು, ಮೂರು ಪದರ ವಾರ್ನಿಶ್ ಬಳಿದೆವು. ಅಡಿಬದಿಯಲ್ಲಿ ಯಾವುದೋ ಮಗು ಮೇಣದ ಬಳಪದಲ್ಲಿ ಗೀಚಿತ್ತು. "ನೆಲ ನೋಡೋ ಬದಿ, ಬಿಡು," ಎಂದ ಎಲ್ಬಿಯೊ. ಬಿಟ್ಟೆವು. ಅಂಚಿಗೆ ಬಸ್ಸಿನ ಮೆಟ್ಟಿಲಿಂದ ಕಿತ್ತ ಹಿತ್ತಾಳೆ ಪಟ್ಟಿ ಹೊಡೆದೆವು. ಮುಖ ಕಾಣುವಷ್ಟು ಹೊಳೆಯುತ್ತಿತ್ತು.

"ಪೊಲೀಸಿಗೆ ಹೇಳೋಣ," ಎಂದೆ.

"ಏನಂತ? ಗಡಂಗಿನ ಹಲಗೆ ಕಳೆದಿದೆ ಅಂತಲಾ? ನಗ್ತಾರೆ. ನಿಮ್ಮಕ್ಕನ್ನ ಕರಿ."

*

ನನ್ನ ಅಕ್ಕ ನಿಬಿಯಾ ಬಸ್ ಕಂಪನಿಯೊಂದರಲ್ಲಿ ಮೂವತ್ತೊಂದು ವರ್ಷ ಕಳೆದ ವಸ್ತುಗಳ ಕೋಣೆ ನೋಡಿಕೊಂಡವಳು. ಕೊಡೆ, ಹಲ್ಲುಸೆಟ್ಟು, ಒಮ್ಮೆ ಚಿತಾಭಸ್ಮದ ಡಬ್ಬಿ—ಏನೇ ಬಂದರೂ ಎರಡು ಪ್ರಶ್ನೆಯಲ್ಲಿ ಯಾರದೆಂದು ಹೇಳುತ್ತಿದ್ದಳು. ಸುಳ್ಳು ಹೇಳಿ ಬೇರೆಯವರ ವಸ್ತು ಹೊಡೆಯಲು ಬಂದವರು ಮೂರನೇ ಪ್ರಶ್ನೆಗೆ ಎದ್ದು ಹೋಗುತ್ತಿದ್ದರು.

ಕಂಕುಳಲ್ಲಿ ಥರ್ಮಾಸು, ಕೈಯಲ್ಲಿ ಮಾಟೆ ಎಲೆಯ ಕಷಾಯ ಹೀರುವ ಸೋರೆ ಬುರುಡೆ. ಬಂದವಳೇ ಕೌಂಟರ್ ಕಡೆ ನೋಡಲೇ ಇಲ್ಲ.

"ಏನು ಹೋಯ್ತು ಅಂತ ಆಮೇಲೆ ಹೇಳಿ. ಏನೇನು ಉಳಿದಿದೆ?"

"ಎಲ್ಲಾ ಇದೆ ನಿಬಿಯಕ್ಕ," ಎಂದ ಎಲ್ಬಿಯೊ. "ಕಳ್ಳನಿಗೆ ಕಣ್ಣಿಲ್ವೇನೋ. ರೇಡಿಯೊ ಇದೆ. ಗ್ರಾಪಾ ಸಾರಾಯಿ ಸೀಸೆ ಹನ್ನೊಂದೂ ಇದೆ."

"ಸೀಸೆ ಕೌಂಟರ್ ಮೇಲಿತ್ತಾ?"

"ಹೂಂ, ಸಾಲಾಗಿ."

"ಈಗ ಗೋಡೆ ಬುಡದಲ್ಲಿವೆ, ಸಾಲಾಗಿಯೇ. ಅದೇ ಕ್ರಮಾನಾ?"

ಎಲ್ಬಿಯೊ ಬಗ್ಗಿ ನೋಡಿದ. "ಅದೇ ಕ್ರಮ. ಒಡೆದ ಬಿರಡೆಯದ್ದು ಕೊನೇದು—ಹೌದು, ಕೊನೇದೇ."

ಬೀರುವಿನ ಮೇಲೆ ಒಂದು ಗ್ಲಾಸಿತ್ತು. ಅದರಲ್ಲಿ ಎಂಟು ಸ್ಕ್ರೂ. ಪಕ್ಕದಲ್ಲಿ ಹಿತ್ತಾಳೆ ಪಟ್ಟಿ, ಸುತ್ತಿ ದಾರ ಕಟ್ಟಿಟ್ಟಿತ್ತು. ಅದರ ಮೊಳೆಗಳು ಒಂದೂ ಸೊಟ್ಟಗಾಗಿರಲಿಲ್ಲ.

ಅಕ್ಕ ಪಟ್ಟಿಯನ್ನು ಬೆರಳಲ್ಲಿ ಸವರಿದಳು. ಕೆಳಗೆ ಕೂತು ಕಾಲಿಡುವ ಸರಳನ್ನು ಅಲುಗಾಡಿಸಿದಳು. ಒಂದು ತುದಿ ಗಟ್ಟಿ, ಇನ್ನೊಂದು ತುದಿ ಗಡಗಡ.

"ಈ ಸರಳು ಬಿಗಿಯೋಕೆ ನಾಲ್ಕು ಹಿಡಿ ಬೇಕು. ಎರಡೇ ಕೂಡಿಸಿದ್ದೀರಿ?"

"ಅದು ಡೆಲ್ಮಿರೊ ಕೆಲಸ. ಬುಧವಾರ ಬಂದಿದ್ದ. ಅರ್ಧಕ್ಕೇ ಬೆನ್ನುನೋವು ಅಂತ ಹೊರಟುಹೋದ. ಪಾಪ, ವಯಸ್ಸಾಯ್ತಲ್ಲ."

"ಬಾಗಿಲಿಗೆ ಬೀಗ?"

"ನಮ್ಮ ಬೀದೀಲಿ ಬೀಗ ಯಾರು ಹಾಕ್ತಾರಕ್ಕ? ಗೇಟಿನ ಚಿಲಕ ಒಳಗಡೆ ಕೈ ಹಾಕಿದ್ರೆ ಸಿಗುತ್ತೆ. ಎಲ್ರಿಗೂ ಗೊತ್ತು."

ಗೇಟಿನ ಬಳಿ ಒಂದು ಗೋಣಿಚೀಲ ನಾಲ್ಕು ಮಡಿಕೆಯಾಗಿ ಬಿದ್ದಿತ್ತು. ನಡುವೆ ಉದ್ದಕ್ಕೆ ಒತ್ತಿದ ಗೀರು. ಮಣ್ಣಿನಲ್ಲಿ ಎಳೆದ ಗುರುತು ಎಲ್ಲೂ ಇರಲಿಲ್ಲ.

"ಚಿಲಕ ತೆಗೆಯೋಕೆ ಹಲಗೆ ಇಳಿಸಿದ್ದಾನೆ," ಎಂದಳು ಅಕ್ಕ. "ಅಂಚು ತರಚಬಾರದು ಅಂತ ಕೆಳಗೆ ಗೋಣಿ ಹಾಸಿದ್ದಾನೆ. ಎಂಥ ಕಳ್ಳ ಇವನು?"

"ಅರಿಸ್ತಿದೆಸ್!" ಎಲ್ಬಿಯೊ ಎದ್ದು ನಿಂತ. "ಬೇರೆ ಯಾರೂ ಅಲ್ಲ. ಮಾರಿದ ಮೇಲೆ ಮರ ಒಳ್ಳೇದು ಅಂತ ಗೊತ್ತಾಗಿ, ಮಂಗಳವಾರ ವಾಪಸ್ ಕೇಳೋಕೆ ಬಂದಿದ್ದ. ಬೈದು ಓಡಿಸಿದ್ದೆ. ಹೋಗ್ತಾ ಏನಂದ ಗೊತ್ತಾ? 'ಅದು ನಿನ್ನ ಹತ್ರ ಉಳಿಯಲ್ಲ' ಅಂದ."

"ಇನ್ಯಾರಿಗೆ ಸಿಟ್ಟಿತ್ತು?"

ನಾವಿಬ್ಬರೂ ಪಕ್ಕದ ಗೋಡೆ ನೋಡಿದೆವು.

*

ಗೋಡೆಯಾಚೆ ಮಿಲ್ಕಾ ಬಟ್ಟೆ ಒಣಹಾಕುತ್ತಿದ್ದಳು. ಅವಳ ಗಂಡ ಕುಡಿದು ಕುಡಿದೇ ಸತ್ತವನು. ಶೆಡ್ಡಿನಲ್ಲಿ ಗಡಂಗು ಎಂದು ಕೇಳಿದ ದಿನವೇ, ಕೊಡಲಿ ತಂದು ಸೌದೆ ಮಾಡುತ್ತೇನೆ ಎಂದು ಇಡೀ ಬೀದಿಗೆ ಕೇಳುವಂತೆ ಕೂಗಿದ್ದಳು.

"ನಾನೇ ಮಾಡಿದ್ನಾ ಅಂತ ಕೇಳೋಕೆ ಬಂದ್ಯಾ ನಿಬಿಯಾ?" ಬಟ್ಟೆ ಕ್ಲಿಪ್ಪು ಹಲ್ಲಲ್ಲಿ ಕಚ್ಚಿಕೊಂಡೇ ಅಂದಳು. "ನಾನಾಗಿದ್ರೆ ಸೀಸೆ ಒಂದೂ ಉಳೀತಿರಲಿಲ್ಲ."

"ಅದು ಗೊತ್ತು. ಮಧ್ಯಾಹ್ನ ಮನೇಲಿದ್ಯಾ?"

"ಇದ್ದೆ. ಎರಡು ಗಂಟೆ ಹೊತ್ತಿಗೆ ಶೆಡ್ಡಲ್ಲಿ ಸದ್ದು. ಇವರೇ ಕೆಲಸ ಮಾಡ್ತಿದ್ದಾರೆ ಅಂದ್ಕೊಂಡೆ."

"ಎಂಥ ಸದ್ದು?"

"ಸ್ಕ್ರೂ ತಿರುಗಿಸೋ ಕಿರ್ರ್ ಸದ್ದು. ಆಮೇಲೆ ಇಲ್ಲ."

"ಹೊರಟುಹೋದ್ನಾ?"

"ಇಲ್ಲಮ್ಮ. ಅದೇ ಆಶ್ಚರ್ಯ. ಅರ್ಧ ಗಂಟೆ ಸುಮ್ಮನೆ. ಮತ್ತೆ ಕಿರ್ರ್. ಮತ್ತೆ ಸುಮ್ಮನೆ. ನಿದ್ದೆ ಮಾಡ್ತಾ ಮಾಡ್ತಾ ಕೆಲಸ ಮಾಡ್ತಾರೇನೋ ಈ ಗಂಡಸ್ರು ಅಂದ್ಕೊಂಡೆ." ಕ್ಲಿಪ್ಪನ್ನು ಬಾಯಿಂದ ತೆಗೆದಳು. "ಒಂದು ಸಲ ಮೂಗು ಸೀಟಿದ್ದು ಕೇಳ್ತು."

ಅಕ್ಕ ಅವಳಿಗೊಂದು ಬುರುಡೆ ಮಾಟೆ ತುಂಬಿಸಿ ಕೊಟ್ಟಳು. ಮಿಲ್ಕಾ ಗೋಡೆಯ ಮೇಲಿಂದ ಕೈ ಚಾಚಿ ತೆಗೆದುಕೊಂಡಳು. ಆ ಹೊತ್ತಿಗೆ ಅವಳ ಮೇಲಿನ ಅನುಮಾನ ಮುಗಿದಿತ್ತು ಎಂದು ನನಗೂ ಅರ್ಥವಾಯಿತು.

*

ಶನಿವಾರ ಬೆಳಿಗ್ಗೆ ನಾನೂ ಅಕ್ಕನೂ ಅರಿಸ್ತಿದೆಸ್‌ನ ಅಂಗಳಕ್ಕೆ ಹೋದೆವು. ಎಲ್ಬಿಯೊನನ್ನು ಕರೆದುಕೊಂಡು ಹೋಗಲಿಲ್ಲ; ಅವನ ಕೈ ತುರಿಸುತ್ತಿತ್ತು.

ತುಕ್ಕು ಹಿಡಿದ ಸ್ನಾನದ ತೊಟ್ಟಿಯೊಂದರ ಅಂಚಿನಲ್ಲಿ ಕೂತು ಅರಿಸ್ತಿದೆಸ್ ಕಾಫಿ ಕುಡಿಯುತ್ತಿದ್ದ.

"ಹುಡುಕ್ಕೊಳ್ಳಿ. ಮೂಲೆಮೂಲೆ ನೋಡಿ. ನಾನು ಸುಳ್ಳು ಹೇಳ್ತೀನಿ, ಕದಿಯಲ್ಲ."

"ಹಲಗೆ ಎಲ್ಬಿಯೊ ಹತ್ರ ಉಳಿಯಲ್ಲ ಅಂದ್ಯಂತೆ?" ಎಂದಳು ಅಕ್ಕ.

"ಅಂದೆ. ಅಂಥ ಮರದ ಮೇಲೆ ಗ್ರಾಪಾ ಚೆಲ್ಲಿದ್ರೆ ಉಳಿಯುತ್ತಾ? ಆರು ತಿಂಗಳಿಗೆ ಬಿಳಿ ಮಚ್ಚೆ."

ಅಕ್ಕ ನಕ್ಕಳು. "ಕದ್ದವನು ಹಿತ್ತಾಳೆ ಪಟ್ಟಿ ಬಿಚ್ಚಿಟ್ಟು ಹೋಗಿದ್ದಾನೆ."

ಅರಿಸ್ತಿದೆಸ್ ಕಪ್ಪು ಕೆಳಗಿಟ್ಟ. ಮುಖದಲ್ಲಿ ನಿಜವಾದ ನೋವು ಕಂಡಿತು. "ಬಿಟ್ಟು ಹೋದ್ನಾ? ಹಿತ್ತಾಳೆನಾ? ಕೂತು ಒಂದೊಂದೇ ಮೊಳೆ ಕಿತ್ತು, ಬಿಟ್ಟು ಹೋದ್ನಾ? ಯಾವ ಪೆದ್ದ ಅವನು? ಮರಕ್ಕಿಂತ ಅದಕ್ಕೇ ಬೆಲೆ!"

"ಅದೇ ಮಾತು ನಂಗೆ ಬೇಕಿತ್ತು," ಎಂದಳು ಅಕ್ಕ. "ಆ ಮೇಜು ನಿಂಗೆ ಎಲ್ಲಿ ಸಿಕ್ತು?"

"ಸಯಾಗೊ ಬಡಾವಣೆಯ ಒಬ್ಬ ಮುದುಕಿ ಮನೇಲಿ. ಅವಳೂ ಎಲ್ಲೋ ಹಳೇದೇ ಕೊಂಡಿದ್ಲು. ಬಂದರಿನ ಕಡೆ ಒಂದು ಹೆಂಗಸು ಇಪ್ಪತ್ತೈದು-ಇಪ್ಪತ್ತಾರು ವರ್ಷದ ಹಿಂದೆ, ಮನೆಯ ಸಾಮಾನೆಲ್ಲಾ ಒಂದೇ ದಿನ ಬೀದಿಗಿಟ್ಟು ಮಾರಿದ್ಲಂತೆ. ಬೆಲೆ ಕೂಡ ಕೇಳಲಿಲ್ಲವಂತೆ."

ಅಕ್ಕ ಶೆಡ್ಡಿಗೆ ಬಂದು, ಹಲಗೆಯಿಲ್ಲದ ಕೌಂಟರಿನ ಪಕ್ಕ ಹಾಲಿನ ಕ್ಯಾನಿನ ಮೇಲೆ ಕೂತಳು. ಎಲ್ಬಿಯೊ ಎದುರಿಗೆ ಬಂದು ನಿಂತ.

"ಹೇಳಿದ್ನಾ ಆ ಕಳ್ಳ?"

"ಅವನಲ್ಲ ಎಲ್ಬಿಯೊ. ಅವನಾಗಿದ್ರೆ ಮೊದಲು ಹಿತ್ತಾಳೆ ಹೋಗ್ತಿತ್ತು. ಮಿಲ್ಕಾನೂ ಅಲ್ಲ. ಸಿಟ್ಟಿಂದ ಬಂದವರು ಸೀಸೆ ಜೋಡಿಸಿಡಲ್ಲ. ಬಂದವನಿಗೆ ನಿನ್ನ ಮೇಲೆ ಪ್ರೀತಿ ಇದೆ. ಸ್ಕ್ರೂ ಕೂಡ ಉರುಳಿ ಹೋಗ್ಬಾರ್ದು ಅಂತ ಗ್ಲಾಸಲ್ಲಿ ಹಾಕಿದ್ದಾನೆ. ನೀನು ಸೇರಿಸಿದ್ದೆಲ್ಲಾ ನಿನಗೇ ಬಿಟ್ಟಿದ್ದಾನೆ. ಅವನಿಗೆ ಬೇಕಾಗಿದ್ದು ಮೇಜು, ಅಷ್ಟೇ."

"ಮೇಜಲ್ಲಿ ಏನಿತ್ತು? ಮೇಲ್ಬದಿ ನಾವೇ ಉಜ್ಜಿ ಹಾಕಿದ್ವಲ್ಲ!"

"ಉಜ್ಜದೇ ಬಿಟ್ಟ ಬದಿ ಯಾವುದು?"

ನಾನು ಬಗ್ಗಿ ಖಾಲಿ ಚೌಕಟ್ಟಿನ ಅಡಿಗೆ ನೋಡಿದೆ.

"ಕೌಂಟರ್ ಸಿದ್ಧವಾದ ಮೇಲೆ ಅದನ್ನ ಎಲ್ರೂ ಮೇಲಿಂದ ನೋಡಿದ್ರು," ಎಂದಳು ಅಕ್ಕ. "ಕೆಳಗಿಂದ ನೋಡಿದವನು ಒಬ್ಬನೇ. ಸರಳು ಕೂಡಿಸೋಕೆ ಅಂಗಾತ ಮಲಗಿದವನು. ಎರಡು ಹಿಡಿ ಹಾಕಿದ, ಆಮೇಲೆ ತಲೆ ಎತ್ತಿದ. ಮೂರನೇದು ಹಾಕೋಕೆ ಆಗ್ಲಿಲ್ಲ. ಬೆನ್ನುನೋವು ಅಂದ. ನೀವು ನಂಬಿದ್ರಿ." ನನ್ನ ಕಡೆ ತಿರುಗಿದಳು. "ಎಬೆರ್, ಅಡಿಯಲ್ಲಿ ಏನಿತ್ತು?"

"ಮಗು ಗೀಚಿದ್ದು ಅಕ್ಕ. ಮುಖ್ಯ ಅಂತ ಅನ್ನಿಸಲಿಲ್ಲ, ಅದಕ್ಕೇ ಹೇಳಲಿಲ್ಲ..."

"ಏನು ಗೀಚಿತ್ತು?"

ಕಣ್ಣು ಮುಚ್ಚಿದೆ. "ನೀಲಿ ಬಣ್ಣ. ದೋಣಿಗಳು. ಒಂದರ ಪಕ್ಕ ಒಂದು. ದೋಣಿಗಿಂತ ಎತ್ತರ ಒಬ್ಬ ಮನುಷ್ಯ. ಅವನ ತಲೆ ಮೇಲೆ 'ಪಪಾ' ಅಂತ... ಅಕ್ಷರ ಹಿಂದುಮುಂದಾಗಿತ್ತು."

ಎಲ್ಬಿಯೊ ನಿಧಾನಕ್ಕೆ ಕೂತ.

"ಡೆಲ್ಮಿರೊ," ಎಂದಳು ಅಕ್ಕ.

ಇಪ್ಪತ್ತಾರು ವರ್ಷದ ಹಿಂದೆ ಡೆಲ್ಮಿರೊ ಮೀನು ಹಿಡಿಯುವ ದೊಡ್ಡ ಹಡಗಿನಲ್ಲಿದ್ದ. ದಕ್ಷಿಣಕ್ಕೆ ಹೋದರೆ ನಲವತ್ತು ದಿನ ದಡವಿಲ್ಲ. ಅವನು ಹೋಗಿದ್ದಾಗ ಏಳು ವರ್ಷದ ಮಗಳಿಗೆ ಮೆದುಳು ಜ್ವರ ಬಂತು. ಎರಡೇ ದಿನ. ಅವನು ಬಂದರಿಗಿಳಿದಾಗ ಮಗಳನ್ನು ಮಣ್ಣು ಮಾಡಿ ಹತ್ತೊಂಬತ್ತು ದಿನವಾಗಿತ್ತು. ಮನೆ ಬರಿದು. ಹೆಂಡತಿ ಸಾಮಾನೆಲ್ಲ ಮಾರಿ, ತವರಿಗೆ ಹೊರಟುಹೋಗಿದ್ದಳು. ಆ ವಾರ ಅವನು ಗಡಂಗಿಗೆ ಬಂದ. ನಾವು ಪಕ್ಕಕ್ಕೆ ಸರಿದು ಜಾಗ ಕೊಟ್ಟೆವು, ಗ್ಲಾಸು ತುಂಬಿಸಿದೆವು. ಯಾರೂ ಏನೂ ಕೇಳಲಿಲ್ಲ. ಅದೇ ಮರ್ಯಾದೆ ಎಂದುಕೊಂಡೆವು. ಇಪ್ಪತ್ತಾರು ವರ್ಷ ಅದನ್ನೇ ಮರ್ಯಾದೆ ಎಂದುಕೊಂಡೆವು.

"ಮಗು ಹೆಸರೇನು?" ಅಕ್ಕ ಕೇಳಿದಳು.

ನಾನು ಎಲ್ಬಿಯೊನನ್ನು ನೋಡಿದೆ. ಅವನು ನನ್ನನ್ನು ನೋಡಿದ. ಇಬ್ಬರಿಗೂ ನೆನಪಾಗಲಿಲ್ಲ.

*

ಡೆಲ್ಮಿರೊನ ಕೋಣೆ ಮೂರು ಬೀದಿ ಆಚೆ, ಉದ್ದನೆಯ ಅಂಗಳದ ಕೊನೆಯಲ್ಲಿ. ಮಧ್ಯಾಹ್ನದ ಬಿಸಿಲು. ಯಾರದೋ ಮನೆಯಲ್ಲಿ ಈರುಳ್ಳಿ ಬಾಡಿಸುತ್ತಿದ್ದರು. ಅವನ ಬಾಗಿಲು ಅರ್ಧ ತೆರೆದಿತ್ತು.

ಎರಡು ಕುರ್ಚಿಗಳ ಮೇಲೆ ಹಲಗೆ ಅಡ್ಡ ಮಲಗಿತ್ತು, ವಾರ್ನಿಶ್ ಮಾಡಿದ ಬದಿ ಮೇಲೆ. ಅದರ ಮೇಲೆ ಒಂದು ಲೋಟವೂ ಇರಲಿಲ್ಲ. ಕೆಳಗಿಂದ ಎರಡು ಕಾಲು ಹೊರಗೆ ಚಾಚಿದ್ದವು, ಹೆಬ್ಬೆರಳ ಬಳಿ ತೂತುಬಿದ್ದ ಕಾಲುಚೀಲ.

"ಡೆಲ್ಮಿರೊ," ಎಂದ ಎಲ್ಬಿಯೊ.

ಕಾಲು ಅಲುಗಲಿಲ್ಲ. "ತಗೊಂಡು ಹೋಗೋಕೆ ಬಂದ್ರಾ?" ಕೆಳಗಿಂದ ದನಿ ಬಂತು. "ಒಂದು ಗಂಟೆ ಕೊಡಿ."

"ಕೇಳಿದ್ರೆ ನಾನು ಕೊಡ್ತಿರಲಿಲ್ವೇನೋ?"

"ಕೇಳೋಕೇ ಬಂದಿದ್ದೆ. ನೀವಿರಲಿಲ್ಲ. ಇದ್ದಿದ್ರೂ..." ದನಿ ನಿಂತಿತು. "ಕೇಳ್ಬೇಕಾದ್ರೆ ಅವಳ ಹೆಸರು ಹೇಳ್ಬೇಕಲ್ಲ ಎಲ್ಬಿಯೊ. ಬಾಯಿ ಬರಲಿಲ್ಲ. ಜೇಬಲ್ಲಿ ಸ್ಕ್ರೂಡ್ರೈವರ್ ಇತ್ತು."

ಎಲ್ಬಿಯೊನ ಬಲ ಮಂಡಿ ಕಾರ್ಖಾನೆಯಲ್ಲಿ ಜಖಂ ಆದದ್ದು, ಬಗ್ಗುವುದಿಲ್ಲ. ಗೋಡೆ ಹಿಡಿದು, ಕುರ್ಚಿ ಹಿಡಿದು, ಕೊನೆಗೆ ಒಂದು ಕೈ ನೆಲಕ್ಕೂರಿ, ಉಸ್ಸೆನ್ನುತ್ತ ಅವನು ಕೆಳಗಿಳಿದ. ಅಂಗಾತ ಮಲಗಿ, ಹಲಗೆಯ ಕೆಳಗೆ ತಲೆ ತೂರಿಸಿದ. ಈಗ ಅಲ್ಲಿ ನಾಲ್ಕು ಕಾಲು.

"ಎಷ್ಟಿವೆ?" ಎಂದ.

"ಒಂಬತ್ತು. ಅವಳು ಬಳಪ ಹಿಡಿಯೋಕೆ ಕಲಿತ ಮೇಲೆ ನಾನು ಒಂಬತ್ತು ಸಲ ಸಮುದ್ರಕ್ಕೆ ಹೋದೆ." ಡೆಲ್ಮಿರೊ ಉಸಿರೆಳೆದುಕೊಂಡ. "ನಾನು ಚೀಲ ಕಟ್ಟೋಕೆ ಶುರು ಮಾಡಿದ್ರೆ ಸಾಕು, ಮೇಜಿನ ಕೆಳಗೆ ನುಗ್ಗಿಬಿಡ್ತಿದ್ಲು. ಕರೆದ್ರೂ ಬರ್ತಿರಲಿಲ್ಲ. ಮುನಿಸು ಅಂದ್ಕೊಂಡಿದ್ದೆ ಕಣೋ. ಹೊತ್ತಾಗಿಬಿಡ್ತಿತ್ತು. ಮೇಜಿನ ಮೇಲೆ ಎರಡು ಸಲ ತಟ್ಟಿ, 'ಬರ್ತೀನಿ ಪುಟ್ಟಾ' ಅಂತ ಹೊರಟುಬಿಡ್ತಿದ್ದೆ. ಒಂಬತ್ತು ಸಲದಲ್ಲಿ ಒಂದು ಸಲ ಬಗ್ಗಿ ನೋಡಲಿಲ್ಲ."

ಅಕ್ಕ ಹೊಸ್ತಿಲಲ್ಲಿ ಕೂತುಬಿಟ್ಟಳು. ನಾನು ಎಲ್ಲಿ ನೋಡಬೇಕೆಂದು ತಿಳಿಯದೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡೆ.

"ಡೆಲ್ಮಿರೊ," ಎಂದ ಎಲ್ಬಿಯೊ. "ಬಯ್ಯಬೇಡ. ಅವಳ ಹೆಸರು ನಂಗೆ ಮರೆತುಹೋಗಿದೆ."

ಅಂಗಳದಲ್ಲಿ ಯಾರೋ ಬಕೆಟ್ ನೀರು ಚೆಲ್ಲಿದರು.

"ಇರುಪೆ," ಎಂದ ಡೆಲ್ಮಿರೊ.

"ಇರುಪೆ," ಎಂದ ಎಲ್ಬಿಯೊ. "ಹಲಗೆ ಇಲ್ಲೇ ಇರಲಿ. ನಂಗೆ ಬೇರೆ ಬಾಗಿಲೋ ಮೇಜೋ ಸಿಗುತ್ತೆ. ಈಗ ಇದು ಹೇಳು. ಈ ಮೊದಲನೇದು ಯಾವ ಹಡಗು?"

ಡೆಲ್ಮಿರೊ ಕೈ ಎತ್ತಿ ತೋರಿಸಿರಬೇಕು. ಮೊದಲನೆಯದಕ್ಕೆ ಹೊಗೆಕೊಳವೆಯೇ ಇಲ್ಲ, ಆಗ ಅವಳಿಗೆ ನಾಲ್ಕು ವರ್ಷ ಎಂದ. ಎರಡನೆಯದರಲ್ಲಿ ಮೀನು ಹಡಗಿಗಿಂತ ದೊಡ್ಡದು. ಆ ಸಲ ಅವನು ಅವಳಿಗೆ ಒಂದು ಶಂಖ ತಂದಿದ್ದನಂತೆ, ಅದರಲ್ಲಿ ಅವಳು ಹಾಲು ಕುಡಿಯಲು ಹಟ ಮಾಡಿದಳಂತೆ. ಎಲ್ಬಿಯೊ ನಕ್ಕ. ಡೆಲ್ಮಿರೊ ಕೂಡ ನಕ್ಕದ್ದು ಕೇಳಿಸಿತು. ಹೀಗೆ ಅವನು ಹಡಗಿನಿಂದ ಹಡಗಿಗೆ ಹೇಳುತ್ತ ಹೋದ, ಎಂಟನೆಯದರವರೆಗೆ ಅವನ ದನಿ ಸರಿಯಾಗಿಯೇ ಇತ್ತು. ಒಂಬತ್ತನೆಯದಕ್ಕೆ ಬಂದಾಗ ಹಲಗೆಯ ಕೆಳಗೆ ಎಲ್ಬಿಯೊನ ಕೈ ಅವನ ಕೈಯನ್ನು ಹುಡುಕಿ ಹಿಡಿದುಕೊಂಡಿತು.